ಭಾಷೆ: ಇತರೆ

ಬೆಳಿಗ್ಗೆ ಬೀಗ ತೆಗೆದರೆ
ಮೊದಲು ಮಾತಾಡುವುದು ಯುಪಿಎಸ್ಸು,
ಕರೆಂಟಿಲ್ಲದ ಸಿಟ್ಟಿಗೆ ಕೀಂ ಕೀಂ ಎಂದು.
ಆಮೇಲೆ ಹಲ್ಲಿ.
ಆಮೇಲೆ ನಾನು, ಯಾರೂ ಇಲ್ಲದ ಹಾಲಿಗೆ
“ಬಂದೆ” ಎಂದು.

ನನ್ನ ಕೆಲಸಕ್ಕೆ ಆಯುಸ್ಸು ನೂರೆಪ್ಪತ್ತೊಂಬತ್ತು ದಿನ.
ನೂರೆಂಬತ್ತು ತುಂಬಿದರೆ ಕಾನೂನಿನ ಕಣ್ಣಿಗೆ
ಕಾಣಿಸಿಬಿಡುತ್ತೇನಂತೆ,
ಅದಕ್ಕೇ ಒಂದು ದಿನ ಮೊದಲು ಮಾಯ ಮಾಡುತ್ತಾರೆ.
ಹಾಜರಿ ಪುಸ್ತಕದಲ್ಲಿ ಮಲಯಾಳದಲ್ಲಿ ಬರೆದ ಹೆಸರನ್ನು
ಬೆರಳಿಟ್ಟು ಕೂಡಿಸಿ ಓದುತ್ತೇನೆ:
ಚಂ, ಚ, ಲಾ, ಕ್ಷಿ.
ಹೌದು, ನಾನೇ ಇರಬೇಕು.

ಬದಿಯಡ್ಕದಿಂದ ಮೇಲೆ, ಮುರಕಲ್ಲ ಪಾರೆಯ ತುದಿಗೆ
ನಮ್ಮ ಕಾಲೇಜು. ಲೈಬ್ರರಿಯಲ್ಲಿ
ಎಂಟು ಸಾವಿರ ಕನ್ನಡ ಪುಸ್ತಕ.
ಹೊಸ ಸಾಫ್ಟ್‌ವೇರ್ ಬಂತು ಜೂನಿನಲ್ಲಿ, ಮಳೆಯ ಜೊತೆ.
ಇಂಗ್ಲಿಷ್ ಕೇಳಿದರೆ ಇಂಗ್ಲಿಷ್,
ಮಲಯಾಳ ಕೇಳಿದರೆ ಮಲಯಾಳ,
ಕನ್ನಡ ಕೇಳಿದರೆ
ಚೌಕ, ಚೌಕ, ಚೌಕ,
ಕಿಟಕಿಯಿಟ್ಟು ಬಾಗಿಲು ಮರೆತ ಮನೆಗಳ ಸಾಲು.
ಹಿಂದೆ ಯಾರೋ ಹಳೇ ಫಾಂಟಿನಲ್ಲಿ ಬಡಿದಿಟ್ಟದ್ದಕ್ಕೆ
ಈಗ ತಲೆಯಲ್ಲಿ ಕೊಂಬು ಮೂಡಿದೆ;
ನಿಘಂಟು ಎಂಬುದು
ಯಾವುದೋ ಫ್ರೆಂಚ್ ಔಷಧದ ಹೆಸರಿನಂತೆ ಕಾಣುತ್ತದೆ.

ತಿರುವನಂತಪುರಕ್ಕೆ ಫೋನು ಮಾಡಿದೆ.
ದೂರಿಗೆ ಹನ್ನೊಂದಂಕಿಯ ನಂಬರು ಕೊಟ್ಟರು.
ಒಳ್ಳೆಯ ಹುಡುಗ, ಪಾಪ, ಚೇಚೀ ಎಂದ.
“ಪಟ್ಟಿಯಲ್ಲಿ ಕನ್ನಡ ಇಲ್ಲ ಚೇಚೀ,
ಕೊನೆಗೆ ಇತರೆ ಅಂತ ಇದೆ ನೋಡಿ, ಅದನ್ನೊತ್ತಿ.”
ಒತ್ತಿದೆ.
ವ್ಯಾಕರಣ ಇತರೆ.
ತಾಳಮದ್ದಳೆಯ ಪ್ರಸಂಗದ ಕಟ್ಟು ಇತರೆ.
ಸೊಪ್ಪುಬೇರಿನ ಮದ್ದು ಇತರೆ.
ಅಜ್ಜಿಯ ಕಾಲದ ಎರಡನೇ ಕ್ಲಾಸಿನ ಲೆಕ್ಕವೂ ಇತರೆ,
ಅದರಲ್ಲಿ ಎರಡೂ ಎರಡೂ ನಾಲ್ಕೇ ಇದ್ದರೂ.

ಷರಾ ಎಂಬ ಖಾನೆಯಲ್ಲಿ ಮಾತ್ರ, ಯಾಕೋ,
ಕನ್ನಡ ನಿಲ್ಲುತ್ತದೆ.
ಐದರ ಬಸ್ಸು ಬಿಟ್ಟು ಆರರದಕ್ಕೆ ಕಾಯುತ್ತ
ದಿನಕ್ಕೆ ನಲವತ್ತರಂತೆ ಅಲ್ಲಿ ತುಂಬಿಸುತ್ತೇನೆ.
ಹುಡುಕಿದವರಿಗೆ ಸಿಗುವುದಿಲ್ಲ,
ಯಂತ್ರ ಷರಾ ಓದುವುದಿಲ್ಲ.
ಸಂಬಳಕ್ಕೂ ಅದು ಸೇರುವುದಿಲ್ಲ.
ಲೆಕ್ಕ ಹಾಕಿದ್ದೇನೆ: ಮುಗಿಯಲು ಇನ್ನೂರು ದಿನ ಬೇಕು.
ನನಗಿರುವುದು ಮೇಲೆ ಹೇಳಿದೆನಲ್ಲ, ಅಷ್ಟು.

ಐತಪ್ಪಣ್ಣ ಇದ್ದರು ಮೊದಲು, ಅಟೆಂಡರು.
ಅವರಿಗೆ ಓದಲು ಬರುತ್ತಿತ್ತೋ ಇಲ್ಲವೋ
ಮೂವತ್ತು ವರ್ಷ ಯಾರೂ ಕೇಳಲಿಲ್ಲ.
ರಿಟೈರಾದ ಮೇಲೆ ಆ ಹುದ್ದೆಯೂ
ಅವರ ಹಿಂದೆಯೇ ಮೆಟ್ಟಿಲಿಳಿದು ಹೋಯಿತು.

ಇವತ್ತು ನೂರೆಪ್ಪತ್ತೊಂದನೇ ದಿನ.
ಬಿಎ ಕೊನೇ ವರ್ಷದ ಮಿಸ್ರಿಯಾ ಬಂದು
ಒಂದು ಗಾದೆ ಪುಸ್ತಕ ಕೇಳಿದಳು.
ತೆರೆಯಲ್ಲಿ ಸೊನ್ನೆ.
“ಇಲ್ಲ ಅಂತಿದೆ ಮೇಡಂ.”
ಐತಪ್ಪಣ್ಣನಿಗೆ ಫೋನಾಯಿಸಿದೆ.
ಆ ಕಡೆ ಕೋಳಿ ಕೂಗುತ್ತಿತ್ತು.
“ನೀರು ಬಿದ್ದು ಊದಿಕೊಂಡದ್ದಲ್ವಾ?
ಕಿಟಕಿ ಬದಿ, ಮೂರನೇ ಹಲಗೆ.
ಬಲದಿಂದ ಹುಡುಕಿ, ಎಡಗೈಯಲ್ಲಿ ಸಿಗ್ತದೆ.”

ಸಿಕ್ಕಿತು.
ಆದರೆ ಸೊನ್ನೆಯನ್ನು ಕೊಡಲು ನಿಯಮವಿಲ್ಲ,
ಯಂತ್ರ ಒಪ್ಪುವುದಿಲ್ಲ.
ಹಿಂದಿನ ರಟ್ಟಿನ ಹಳೇ ಚೀಟಿಯಲ್ಲಿ
ಯಾರದೋ ತೊಂಬತ್ತೆಂಟರ ಮಾರ್ಚು.
ಡ್ರಾಯರಿನಿಂದ ತಾರೀಕಿನ ಮೊಹರು ತೆಗೆದೆ,
ಅದರ ವರ್ಷದ ಚಕ್ರ ಹತ್ತೊಂಬತ್ತಕ್ಕೇ ಮುಗಿದಿದೆ.
ದಿನ ತಿಂಗಳು ಒತ್ತಿ, ವರ್ಷ ಪೆನ್ನಲ್ಲಿ ಬರೆದೆ.

ಹದಿನೈದು ದಿನ ಕೂಡಿಸುವಾಗ ಕೈ ತಡೆಯಿತು.
ಆ ತಾರೀಕಿಗೆ ಈ ಕುರ್ಚಿ ಇರುತ್ತದೆ,
ಯುಪಿಎಸ್ಸು ಇರುತ್ತದೆ.

“ವಾಪಸು ಯಾರ ಕೈಗೆ ಕೊಡಬೇಕು ಮೇಡಂ?”
ಬೇರೆ ಮಾತು ತೋಚಲಿಲ್ಲ.
“ಅಲ್ಲೇ ಇಡು,” ಅಂದೆ,
“ಜಾಗ ಗೊತ್ತಾಯ್ತಲ್ಲ ನಿನಗೆ.”